ಗುಂಡು ಎಷ್ಟು ಹಿಂದೆ ಬಿತ್ತು?

ಈಗ ಸ್ಕ್ರೀನ್ ಮೇಲೆ ಇರುವುದು ನಿನ್ನೆ ರಾತ್ರಿಯ ರೆಕಾರ್ಡಿಂಗ್. ಆಟ ಐಎಲ್-2 1946, ಎರಡನೇ ಮಹಾಯುದ್ಧದ ವಿಮಾನ ಹಾರಿಸುವ ಸಿಮ್ಯುಲೇಟರ್. ನನ್ನದು ಬ್ರಿಟಿಷರ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ ಫೈವ್ ಬಿ. ಎದುರಿಗೆ ಎಡದಿಂದ ಬಲಕ್ಕೆ ಜರ್ಮನ್ನರ ಒಂದು ಮೆಸ್ಸರ್‌ಶ್ಮಿಟ್ 109 ವಿಮಾನ ಅಡ್ಡ ಹಾಯುತ್ತಿದೆ. ಟ್ರಿಗರ್ ಒತ್ತಿದೆ. ಟ್ರೇಸರ್‌ಗಳು, ಅಂದರೆ ದಾರಿ ಕಾಣುವ ಹಾಗೆ ಹೊಳೆಯುವ ಗುಂಡುಗಳು, ಸಾಲಾಗಿ ಹೋದವು. ಅದು ಮಾತ್ರ ಏನೂ ಆಗದ ಹಾಗೆ ಹೊರಟುಹೋಯಿತು.

ಇಲ್ಲಿ ನಿಲ್ಲಿಸುತ್ತೇನೆ. ಕಾಕ್‌ಪಿಟ್‌ನಲ್ಲಿ ಕೂತಿದ್ದಾಗ ಗುಂಡೆಲ್ಲ ಅದರ ಮೂತಿಯ ಹತ್ತಿರವೇ ಹೋಯಿತು ಅಂತ ನನಗೆ ಖಾತ್ರಿ ಇತ್ತು. ಈಗ ಹೊರಗಿನ ಕ್ಯಾಮೆರಾದಿಂದ ನೋಡಿ. ಬಾಲ ಇಲ್ಲಿದೆ. ಟ್ರೇಸರ್ ಅಲ್ಲಿದೆ. ನಡುವೆ ಇನ್ನೆರಡು ವಿಮಾನ ಆರಾಮಾಗಿ ಹಿಡಿಸುತ್ತವೆ.

ಓಡುತ್ತಿರುವವನಿಗೆ ಚೆಂಡು ಎಸೆಯುವಾಗ ಅವನ ಮುಂದಕ್ಕೆ ಎಸೆಯುತ್ತೇವೆ, ಅಲ್ವಾ? ಇದೂ ಹಾಗೇ. ಗಂಟೆಗೆ 400 ಕಿಲೋಮೀಟರ್ ಅಂದರೆ ಸೆಕೆಂಡಿಗೆ 111 ಮೀಟರ್. ನನ್ನ 20 ಎಂಎಂ ಕ್ಯಾನನ್ ಗುಂಡು 250 ಮೀಟರ್ ದಾಟಲು ಹೆಚ್ಚು ಕಡಿಮೆ ಸೆಕೆಂಡಿನ ಮೂರನೇ ಒಂದು ಪಾಲು ಬೇಕು. ಅಷ್ಟರಲ್ಲಿ ಆ ವಿಮಾನ ಸುಮಾರು 37 ಮೀಟರ್ ಮುಂದೆ ಹೋಗಿರುತ್ತದೆ. ಅದರ ಉದ್ದವೇ 9 ಮೀಟರ್. ಅಂದರೆ ನಾಲ್ಕು ವಿಮಾನದಷ್ಟು ಮುಂದೆ, ಖಾಲಿ ಆಕಾಶಕ್ಕೆ ಗುರಿ ಇಡಬೇಕು. ಕಣ್ಣು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ಅಭ್ಯಾಸ ಬೇಕು.

ಅಭ್ಯಾಸಕ್ಕೆ ಆಟದಲ್ಲಿ ಏನಿದೆ? ಗುಂಡು ಮುಗಿಯದ ಹಾಗೆ ಮಾಡಬಹುದು. ನಾನು ಅದನ್ನು ಆಫ್ ಮಾಡಿದ್ದೇನೆ. ಈ ಸ್ಪಿಟ್‌ಫೈರ್‌ನ ಒಂದೊಂದು ಕ್ಯಾನನ್‌ಗೆ ಇದ್ದದ್ದು 60 ಗುಂಡು, ಸುಮಾರು ಆರು ಸೆಕೆಂಡಿನಲ್ಲಿ ಖಾಲಿ. ಸುಮ್ನೆ ಸುರಿಯುತ್ತಾ ಹೋದರೆ ಕೈ ಕೆಡುತ್ತದೆ. ಕನ್ವರ್ಜೆನ್ಸ್, ಅಂದರೆ ಎರಡು ರೆಕ್ಕೆಯ ಗುಂಡುಗಳು ಸೇರುವ ದೂರ, ಅದನ್ನು 250 ಮೀಟರ್‌ಗೆ ಇಟ್ಟಿದ್ದೇನೆ. ಆಟದ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿ ಆರ್ಕೇಡ್ ಅನ್ನುವುದನ್ನು 1 ಮಾಡಿದರೆ ಗುಂಡು ತಗುಲಿದ ಕಡೆಯೆಲ್ಲ ಬಾಣ ಚುಚ್ಚಿಕೊಂಡ ಹಾಗೆ ಕಾಣುತ್ತದೆ. ತುಂಬಾ ಒಳ್ಳೆಯ ಸಾಧನ. ಆದರೆ ತಗುಲಿದ್ದನ್ನು ಮಾತ್ರ ಹೇಳುತ್ತದೆ. ಕಲಿಯುವವನ ಗುಂಡು ಜಾಸ್ತಿ ತಪ್ಪುವುದೇ ಹೊರತು ತಗುಲುವುದಿಲ್ಲವಲ್ಲ!

ನಿಜವಾದ ಪೈಲಟ್‌ಗಳಿಗೂ ಇದೇ ಕಷ್ಟ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಭ್ಯಾಸದ ಗುರಿಗೆಂದು ಒಂದು ವಿಮಾನ ಬಟ್ಟೆಯ ಉದ್ದನೆಯ ಚೀಲವನ್ನು ಎಳೆದುಕೊಂಡು ಹೋಗುತ್ತಿತ್ತು. ಒಬ್ಬೊಬ್ಬರ ಗುಂಡಿನ ತುದಿಗೆ ಒಂದೊಂದು ಬಣ್ಣ. ಕೆಳಗಿಳಿದ ಮೇಲೆ ತೂತಿನ ಅಂಚಿನ ಬಣ್ಣ ನೋಡಿ ಯಾರದ್ದೆಷ್ಟು ಅಂತ ಎಣಿಸುತ್ತಿದ್ದರು. ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆರ್‌ಪಿ-63 ಅನ್ನುವ ವಿಮಾನಕ್ಕೆ ದಪ್ಪ ಕವಚ ಹೊದಿಸಿ, ತಗುಲಿದ ಕೂಡಲೇ ಪುಡಿಯಾಗುವ ಗುಂಡನ್ನು ಅದರ ಮೇಲೇ ಹಾರಿಸಿದರು. ಒಳಗೆ ಪೈಲಟ್ ಕೂತಿರುತ್ತಿದ್ದ! ಗುಂಡು ತಗುಲಿದರೆ ಮೂತಿಯಲ್ಲಿ ದೀಪ ಹತ್ತುತ್ತಿತ್ತು. ಅದಕ್ಕೆ ಪಿನ್‌ಬಾಲ್ ಅಂತಲೇ, ಅಂದರೆ ಚೆಂಡು ತಗುಲಿದಾಗ ದೀಪ ಹತ್ತುವ ಆಟದ ಹೆಸರೇ ಬಿತ್ತು.

ಬಟ್ಟೆಯ ಚೀಲಕ್ಕೆ ತಪ್ಪಿದ ಗುಂಡು ಗೊತ್ತಾಗುವುದಿಲ್ಲ, ದೀಪಕ್ಕೂ ಗೊತ್ತಾಗುವುದಿಲ್ಲ. ಕಂಪ್ಯೂಟರ್‌ಗೆ ಗೊತ್ತು. ಒಂದೊಂದು ಗುಂಡಿನ ದಾರಿಯನ್ನೂ ಅದೇ ಲೆಕ್ಕ ಹಾಕುತ್ತದೆ. ಹಾಗಿದ್ದ ಮೇಲೆ ಹೇಳಬಹುದಲ್ಲ: ಎರಡು ವಿಮಾನದ ಉದ್ದ ಹಿಂದೆ, ಅರ್ಧ ಉದ್ದ ಕೆಳಗೆ. ಸಿಮ್ಯುಲೇಟರ್ ಮಾಡುವವರಲ್ಲಿ ನನ್ನ ಮನಸಾರೆ ಕೋರಿಕೆ ಇದೊಂದೇ. ಗುರಿಯ ಹತ್ತಿರ ಗುಂಡು ಹಾದುಹೋದ ಜಾಗದಲ್ಲಿ ಒಂದು ಚುಕ್ಕೆ ತೋರಿಸಿ. ಯುದ್ಧದ ಮಿಷನ್‌ನಲ್ಲಿ ಬೇಡ, ಅಭ್ಯಾಸದಲ್ಲಿ ಮಾತ್ರ ಸಾಕು.

ಅಲ್ಲಿಯವರೆಗೆ ನಾನು ಕೈಯಲ್ಲೇ ಮಾಡುತ್ತಿದ್ದೇನೆ. ಈ ನೋಟ್‌ಬುಕ್ ನೋಡಿ. ಒಂದು ಸೆಕೆಂಡಿನ ಬರ್ಸ್ಟ್, ಅಂದರೆ ಒಂದೇ ಸಮನೆ ಗುಂಡು ಹಾರಿಸುವುದು, ಆಮೇಲೆ ರೆಕಾರ್ಡಿಂಗ್, ಆಮೇಲೆ ಅಳತೆ. ಮೊದಲ ಸಾಲಿನಲ್ಲಿ ಮೂರು ಉದ್ದ ಹಿಂದೆ. ಅದರ ಕೆಳಗೆ ಮತ್ತೆ ಮೂರು. ಏಳನೇ ಸಾಲಿಗೆ ಎರಡು. ಈಗ ಅದೇ ವಿಮಾನ, ಅದೇ ಕೋನ, ಇನ್ನೊಂದು ಸಲ ಹೋಗುತ್ತೇನೆ. ಈ ಸಲ ಪೂರ್ತಿ ನಾಲ್ಕು ಉದ್ದ ಮುಂದೆ ಇಡುತ್ತೇನೆ.