ಗಾಂಭೀರ್ಯ: ನೀರಿನಿಂದ ನಡವಳಿಕೆಗೆ

ಕೇಳುಗರಿಗೆ ನಮಸ್ಕಾರ. ಮೈಸೂರು ದಸರೆಯ ಜಂಬೂಸವಾರಿ ಹೊರಟಿತೆಂದರೆ ವೀಕ್ಷಕ ವಿವರಣೆಯಲ್ಲಿ ‘ಗಜಗಾಂಭೀರ್ಯ’ ಎಂಬ ಮಾತು ಬಂದೇ ಬರುತ್ತದೆ. ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತ ಆನೆಗೆ ಆ ಮಾತು ಒಪ್ಪುತ್ತದೆ ಕೂಡ. ಇಷ್ಟಾಗಿ, ಈ ಪದದ ತವರು ನೀರು.

ಅಮರಕೋಶದಲ್ಲಿ ‘ಗಂಭೀರ’ ಸಿಗುವುದು ವಾರಿವರ್ಗದಲ್ಲಿ, ಅಂದರೆ ಹೊಳೆ, ದೋಣಿ, ಮೀನುಗಳ ಸಾಲಿನಲ್ಲಿ. ನಿಮ್ನ, ಗಭೀರ, ಗಂಭೀರ ಮೂರಕ್ಕೂ ಆಳವಾದದ್ದು ಎಂದೇ ಅರ್ಥ. ಇದಕ್ಕೆ ವಿರುದ್ಧವಾದದ್ದು ‘ಉತ್ತಾನ’. ಋಗ್ವೇದದ ನಾಸದೀಯ ಸೂಕ್ತದಲ್ಲೂ ‘ಗಭೀರ’ ನೀರಿಗೇ ವಿಶೇಷಣ. ವಾಲ್ಮೀಕಿ ರಾಮಾಯಣದ ಮೊದಲ ಸರ್ಗದಲ್ಲಿ ನಾರದರು ರಾಮನನ್ನು ‘ಸಮುದ್ರ ಇವ ಗಾಂಭೀರ್ಯೇ’ ಎನ್ನುವ ಹೊತ್ತಿಗೆ ಪದ ಮನುಷ್ಯನ ಗುಣಕ್ಕೆ ಸಂದಿದೆ, ಸಮುದ್ರವನ್ನು ಮಾತ್ರ ಬಿಟ್ಟಿಲ್ಲ.

ವೈದ್ಯರೂ ಇದನ್ನು ಆಳದ ಅರ್ಥದಲ್ಲೇ ಬಳಸಿದರು. ಚರಕಸಂಹಿತೆ ವಾತರಕ್ತವೆಂಬ ರೋಗವನ್ನು ಎರಡಾಗಿ ವಿಂಗಡಿಸುತ್ತದೆ: ಚರ್ಮ, ಮಾಂಸಗಳಲ್ಲಿದ್ದರೆ ಉತ್ತಾನ, ಒಳಗಿನ ಧಾತುಗಳಿಗೆ ಇಳಿದರೆ ಗಂಭೀರ. ಅಮರಕೋಶದ ಅದೇ ಜೋಡಿ, ನೋಡಿ.

ಇನ್ನು ವ್ಯಕ್ತಿಯ ನಿಲುವು. ನಾಟ್ಯಶಾಸ್ತ್ರ ಪುರುಷರಿಗೆ ಹೇಳಿದ 8 ಸಾತ್ತ್ವಿಕ ಗುಣಗಳಲ್ಲಿ ಗಾಂಭೀರ್ಯವೂ ಒಂದು. ಹರ್ಷ, ಕೋಪ, ಭಯಗಳ ಗುರುತು ಹೊರಗೆ ಕಾಣಿಸದಂತೆ ಮಾಡುವ ಗುಣ ಅದು. ಭಾವವೇ ಇಲ್ಲದವನು ಗಂಭೀರನಲ್ಲ. ಒಳಗೆ ಇದ್ದೂ ತುಳುಕದವನು ಗಂಭೀರ. ವೇಷ ಹಾಕಿದವರು ಎಡವುವುದು ಇಲ್ಲೇ. ಹುಬ್ಬು ಗಂಟಿಕ್ಕಿ, ಎದೆ ಸೆಟೆಸಿ, ದನಿಯನ್ನು ಬೇಕೆಂದೇ ದಪ್ಪ ಮಾಡಿಕೊಂಡು ನಿಂತರೆ ಗಂಟಿಕ್ಕಿದ ಹುಬ್ಬೇ ಕೋಪವನ್ನು ಸಾರುತ್ತದೆ. ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ, ಬಿಗುಮಾನ. ನಮ್ಮ ಕಚೇರಿಗಳಲ್ಲಿ ಗಾಂಭೀರ್ಯವೆಂದು ನಡೆಯುವುದರಲ್ಲಿ ಹೆಚ್ಚಿನ ಪಾಲು ಇದೇ.

ಬರೆಯುವವರಿಗೆ ಒಂದು ಮಾತು. ‘ಗಂಭೀರ’ಕ್ಕೆ ‘ಯ’ ಪ್ರತ್ಯಯ ಸೇರಿದಾಗ ಮೊದಲಿನ ‘ಗ’ ದೀರ್ಘವಾಗಿ ‘ಗಾ’ ಆಗುತ್ತದೆ, ಕೊನೆಯ ಅಕಾರ ಲೋಪವಾಗುತ್ತದೆ, ಹೀಗೆ ಗಾಂಭೀರ್ಯ. ‘ತೆ’ ಸೇರಿಸಿದರೆ ಗಂಭೀರತೆ, ಇಲ್ಲಿ ‘ಗ’ ಹ್ರಸ್ವವಾಗಿಯೇ ಉಳಿಯುತ್ತದೆ. ಎರಡೂ ಸರಿ. ‘ಗಾಂಭೀರ್ಯತೆ’ ಎಂದರೆ ಒಂದೇ ಕೆಲಸಕ್ಕೆ ಎರಡು ಪ್ರತ್ಯಯ. ಸೌಂದರ್ಯತೆ, ವೈಶಿಷ್ಟ್ಯತೆಗಳ ದೋಷವೂ ಇದೇ. ‘ಪ್ರಾಮುಖ್ಯತೆ’ ಮಾತ್ರ ಪತ್ರಿಕೆಗಳಲ್ಲಿ ಬೇರುಬಿಟ್ಟಾಗಿದೆ, ಅದನ್ನು ಕೀಳುವುದು ಇನ್ನು ಕಷ್ಟ. ಹಾಗೆಯೇ ಮಹಾಪ್ರಾಣ ಬಿಟ್ಟು ‘ಗಂಬೀರ’ ಎನ್ನುವ ರೂಢಿಯೂ ಉಂಟು. ಮೈಕಿನ ಮುಂದೆ ಓದುವವರು ‘ಭ’ಕಾರಕ್ಕೆ ಬೇಕಾದ ಉಸಿರನ್ನು ಉಳಿಸಿಕೊಂಡಿರಬೇಕು.

ನಮಸ್ಕಾರ.