ಟಿಕೆಟ್ ತೆಗೆಸುವ ಮುಂಚೆ ಟ್ಯೂಮರ್ ಬೋರ್ಡ್ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾಗಿದೆ. ಡಾಕ್ಟರು ಕರೆಂಟ್ ಕೊಡಿಸಬೇಕು, ಅಂದರೆ ರೇಡಿಯೇಷನ್ ಮಾಡಿಸಬೇಕು ಎಂದಿದ್ದಾರೆ. ಅಷ್ಟರಲ್ಲಿ ನೆಂಟರೊಬ್ಬರು ಫೋನ್ ಮಾಡಿ, ‘ಅಮೆರಿಕದಲ್ಲಿ ಪ್ರೋಟಾನ್ ಅಂತ ಬಂದಿದೆಯಂತೆ, ಅಲ್ಲಿಗೇ ಕರ್ಕೊಂಡು ಹೋಗಿ’ ಅನ್ನುತ್ತಾರೆ. ಆ ರಾತ್ರಿಯಿಂದಲೇ ದುಡ್ಡಿನ ಲೆಕ್ಕ ಶುರು. ಇವತ್ತು ಕ್ಯಾನ್ಸರ್ ಡಾಕ್ಟರಾಗಿ ನಾನು ಮಾತಾಡುತ್ತಿರುವುದು ಅಂಥ ಮನೆಯವರ ಜೊತೆ. ಹೇಳುವುದು ಒಂದೇ ಮಾತು. ಟಿಕೆಟ್ ತೆಗೆಸುವ ಮುಂಚೆ, ಜಮೀನು ಮಾರುವ ಮುಂಚೆ, ನಿಮ್ಮ ಫೈಲನ್ನು ಟ್ಯೂಮರ್ ಬೋರ್ಡಿಗೆ ತೋರಿಸಿ. ಸರ್ಜನ್, ರೇಡಿಯೇಷನ್ ಡಾಕ್ಟರ್, ಕೀಮೋ ಡಾಕ್ಟರ್, ಪೆಥಾಲಜಿಸ್ಟ್ ಒಟ್ಟಿಗೆ ಕೂತು ಒಬ್ಬ ರೋಗಿಯ ಫೈಲ್ ನೋಡುತ್ತಾರಲ್ಲ, ಅದೇ ಟ್ಯೂಮರ್ ಬೋರ್ಡ್. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೆಲ್ಲ ಇದೆ.

ಮೊದಲು ಪ್ರೋಟಾನ್ ಏನು ಅಂತ ಹೇಳಿಬಿಡುತ್ತೇನೆ. ಮಾಮೂಲಿ ರೇಡಿಯೇಷನ್‌ನಲ್ಲಿ ಬಳಸುವುದು ಎಕ್ಸ್-ರೇ. ಅದು ಪ್ರತಿ ಸ್ಟಾಪಿನಲ್ಲೂ ಒಂದಿಷ್ಟು ಜನರನ್ನು ಇಳಿಸಿಕೊಂಡು ಊರು ದಾಟಿ ಮುಂದೆ ಹೋಗುವ ಬಸ್ಸು. ಪ್ರೋಟಾನ್ ದಾರಿಯಲ್ಲಿ ಸ್ವಲ್ಪ ಜನರನ್ನು ಇಳಿಸಿ, ಕೊನೆಯ ಸ್ಟಾಪಿನಲ್ಲಿ ಉಳಿದವರನ್ನೆಲ್ಲ ಇಳಿಸಿ ಅಲ್ಲೇ ನಿಂತುಬಿಡುತ್ತದೆ. ಗೆಡ್ಡೆಯ ಆಚೆಗಿರುವ ಭಾಗಕ್ಕೆ ಹೆಚ್ಚುಕಡಿಮೆ ಪೆಟ್ಟೇ ಬೀಳುವುದಿಲ್ಲ. ಒಳ್ಳೆಯ ಗುಣವೇ. ಆದರೆ ಎಲ್ಲ ಕ್ಯಾನ್ಸರಿಗೂ ಅದು ಬೇಕಾಗುವುದಿಲ್ಲ.

ತಿಪಟೂರು ಕಡೆಯ ಒಬ್ಬ ತೆಂಗಿನ ತೋಟದ ಯಜಮಾನರ ವಿಷಯ ಹೇಳುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್, ಇನ್ನೂ ಮೊದಲ ಹಂತ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಅಮೆರಿಕದ ಆಸ್ಪತ್ರೆಯೊಂದರಿಂದ ಎಸ್ಟಿಮೇಟ್ ತರಿಸಿಕೊಂಡಿದ್ದ. ಕೊನೆಯ ಸಾಲನ್ನು ರೂಪಾಯಿಗೆ ತಿರುಗಿಸಿದರೆ ಒಂದು ಕೋಟಿ ದಾಟಿತ್ತು. ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಫೈಲ್ ಬಿಚ್ಚಿದ. ಎಲ್ಲಕ್ಕಿಂತ ಮೇಲೆ ಇದ್ದದ್ದು ತೋಟದ ಪಹಣಿ. ಬಯಾಪ್ಸಿ ರಿಪೋರ್ಟ್ ಅದರ ಕೆಳಗೆ. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಒಂದು ಚೀಟಿ ತಗೊಂಡು ಎಸ್ಟಿಮೇಟಿನಲ್ಲಿ ಇಲ್ಲದ ಖರ್ಚುಗಳನ್ನು ಬರೆಯುತ್ತಾ ಹೋದೆ. ಟ್ರೀಟ್‌ಮೆಂಟ್ ವಾರಕ್ಕೆ ಐದು ದಿನ, ಅವರು ಹೇಳಿದ್ದ ಪ್ಲಾನಿನಲ್ಲಿ ಎಂಟು ವಾರ. ಅಷ್ಟು ದಿನ ಇಬ್ಬರಿಗೆ ಬಾಡಿಗೆ ಮನೆ, ಊಟ, ಓಡಾಟ. ಮಗನಿಗೆ ಸಂಬಳವಿಲ್ಲದ ರಜೆ. ನಡುವೆ ಮೂತ್ರ ಕಟ್ಟಿಕೊಂಡರೆ ಎಮರ್ಜೆನ್ಸಿ ಬಿಲ್ ಬೇರೆ. ಇರುವ ಕಾಯಿಲೆಗೆ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಕಳಿಸುವ ಹಣ ವರ್ಷಕ್ಕೆ 10 ಲಕ್ಷ ದಾಟಿದರೆ ಬ್ಯಾಂಕಿನವರು ಟಿಸಿಎಸ್ ಅಂತ ಮುಂಚೆಯೇ ತೆರಿಗೆ ಹಿಡಿದುಕೊಳ್ಳುತ್ತಾರೆ. ರಿಟರ್ನ್ ಹಾಕುವವರೆಗೆ ಆ ದುಡ್ಡೂ ಕೈಗೆ ಬರುವುದಿಲ್ಲ. ಚೀಟಿ ತುಂಬಿತು. ಅಲ್ಲಿಯವರೆಗೂ ಸುಮ್ನೆ ಕೂತಿದ್ದ ಯಜಮಾನರು ಕೇಳಿದರು: ‘ಅಷ್ಟು ದೂರ ಹೋದ್ರೆ ವಾಸಿ ಆಗೋದು ಜಾಸ್ತಿ ಆಗುತ್ತಾ ಡಾಕ್ಟ್ರೇ?’

‘ಇಲ್ಲ ಯಜಮಾನ್ರೇ’ ಅಂದೆ. ಅಮೆರಿಕದಲ್ಲೇ ಇಂಥ 450 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರೋಟಾನ್, ಇನ್ನೊಂದಕ್ಕೆ ಐಎಂಆರ್‌ಟಿ ಎನ್ನುವ ಎಕ್ಸ್-ರೇ ರೇಡಿಯೇಷನ್ ಕೊಟ್ಟು ನೋಡಿದ್ದಾರೆ. 2024ರಲ್ಲಿ ಫಲಿತಾಂಶ ಬಂತು. ಕಾಯಿಲೆ ಹತೋಟಿಗೆ ಬಂದದ್ದೂ ಒಂದೇ, ಮಲಮೂತ್ರದ ತೊಂದರೆಯೂ ಒಂದೇ. ಆ ಐಎಂಆರ್‌ಟಿ ಬೆಂಗಳೂರಿನಲ್ಲೇ ಇದೆ. ಅವರಿಗೆ ನಾಲ್ಕು ವಾರದಲ್ಲಿ ಮುಗಿಯಿತು. ಯಶವಂತಪುರದ ಮಗಳ ಮನೆಯಿಂದಲೇ ಬಂದು ಹೋದರು. ಮೂತ್ರಕೋಶ ತುಂಬಿರಲಿ ಅಂತ ಮಷಿನ್ನಿಗೆ ಮುಂಚೆ ನಾವು ನೀರು ಕುಡಿಸುತ್ತೇವೆ. ‘ನೀರಿನ ಬದಲು ನಮ್ಮ ತೋಟದ ಎಳನೀರು ಆಗಲ್ವಾ?’ ಎಂದು ನಮ್ಮ ಟೆಕ್ನೀಷಿಯನ್ ಹುಡುಗಿಯನ್ನು ಕೇಳಿದ್ದರಂತೆ. ತೋಟ ಈಗಲೂ ಅವರ ಹೆಸರಿನಲ್ಲೇ ಇದೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರೋಟಾನ್ ನಿಜವಾಗಿ ಬೇಕಾಗುವುದು ಮುಖ್ಯವಾಗಿ ಮಕ್ಕಳ ಮಿದುಳಿನ, ಬೆನ್ನುಹುರಿಯ ಕೆಲವು ಗೆಡ್ಡೆಗಳಿಗೆ, ತಲೆಬುರುಡೆಯ ಬುಡದಲ್ಲಿ ಬೆಳೆಯುವ ಕಾರ್ಡೋಮಾದಂಥವಕ್ಕೆ. ಬೆಳೆಯುವ ಮಗುವಿನ ಮಿದುಳಿಗೆ ಬೇಡದ ರೇಡಿಯೇಷನ್ ಎಷ್ಟು ಕಡಿಮೆ ಬಿದ್ದರೆ ಅಷ್ಟು ಒಳ್ಳೆಯದು. ಟ್ಯೂಮರ್ ಬೋರ್ಡ್ ಬೇಕು ಎಂದರೆ ತಡ ಮಾಡಬೇಡಿ. ಆಗಲೂ ಪಾಸ್‌ಪೋರ್ಟ್ ಬೇಕಾಗಿಲ್ಲ! ಚೆನ್ನೈನಲ್ಲಿ 2019ರಿಂದ ಅಪೋಲೋದ ಪ್ರೋಟಾನ್ ಕೇಂದ್ರವಿದೆ. ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರದು 2023ರಲ್ಲಿ ಶುರುವಾಯಿತು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಇಲ್ಲೂ ಲಕ್ಷಗಟ್ಟಲೆ ಆಗುತ್ತದೆ, ನಿಜ. ಆದರೆ ಅಜ್ಜಿ ರೈಲು ಹತ್ತಿ ಮೊಮ್ಮಗನನ್ನು ನೋಡಿ ಬರಬಹುದು, ಅಲ್ವಾ?

ನಮ್ಮ ದೇಶದಲ್ಲಿ ಇಲ್ಲದ್ದು ಕಾರ್ಬನ್ ಅಯಾನ್ ಚಿಕಿತ್ಸೆ, ಅಂದರೆ ಪ್ರೋಟಾನ್ ಬದಲು ಅದಕ್ಕಿಂತ ಭಾರದ ಕಾರ್ಬನ್ ಕಣ ಬಳಸುವ ರೇಡಿಯೇಷನ್. ಜಪಾನಿನ ಚಿಬಾದಲ್ಲಿ 1994ರಿಂದ ಇದೆ. ಜರ್ಮನಿಯ ಹೈಡಲ್‌ಬರ್ಗ್, ಇಟಲಿಯ ಪಾವಿಯಾದಲ್ಲೂ ಇದೆ. ಅದು ಬೇಕಾಗುವವರು ಬಹಳ ಕಡಿಮೆ. ಹೋಗಲೇಬೇಕಾದರೂ ಮೊದಲು ರಿಪೋರ್ಟುಗಳು ಹೋಗಲಿ, ಅವರು ನೋಡಿ ಒಪ್ಪಿದ ಮೇಲೆ ರೋಗಿ ಹೋಗಲಿ.

ಬಿಪಿಎಲ್ ಕುಟುಂಬದವರಿಗೆ ಇನ್ನೊಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶವಿದೆ. ಅದರಲ್ಲಿ ರೇಡಿಯೇಷನ್ನೂ ಸೇರಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಿ. ಸಾಲ ಮಾಡುವ ಮುಂಚೆ ವಿಚಾರಿಸಿ.

ಟ್ಯೂಮರ್ ಬೋರ್ಡಿಗೆ ಹೋಗುವಾಗ ಬಯಾಪ್ಸಿ ರಿಪೋರ್ಟ್ ಮಾತ್ರ ಸಾಲದು. ಅದರ ಗಾಜಿನ ಸ್ಲೈಡು, ಗೆಡ್ಡೆಯ ತುಣುಕನ್ನು ಮೇಣದಲ್ಲಿ ಇಟ್ಟಿರುವ ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ತನ್ನಿ. ಸ್ಕ್ಯಾನಿನ ಫಿಲ್ಮ್ ಜೊತೆಗೆ ಸಿಡಿಯನ್ನೂ ತನ್ನಿ. ಮುಂಚೆ ಎಲ್ಲಾದರೂ ರೇಡಿಯೇಷನ್ ಆಗಿದ್ದರೆ ಆ ಕಾಗದವನ್ನು ಮಾತ್ರ ಮರೆಯಲೇಬೇಡಿ. ಎಷ್ಟು ಡೋಸ್, ಯಾವ ಜಾಗಕ್ಕೆ ಎಂದು ಗೊತ್ತಾಗದಿದ್ದರೆ ನಾವು ಮುಂದಿನ ಪ್ಲಾನ್ ಹಾಕುವುದೇ ಕಷ್ಟ. ನಮಸ್ಕಾರ.