ಸೈಕಲ್ ತುಳಿದು ಮುಟ್ಟುವಷ್ಟು ದೂರದ ಊರು

ನಮಸ್ಕಾರ. ನಾನೀಗ ನೆದರ್ಲ್ಯಾಂಡ್ಸ್‌ನ ಸ್ಖೋಕ್‌ಲಾಂಡ್‌ನಲ್ಲಿ ಇದ್ದೀನಿ. ಸುತ್ತ ಹೊಲ ಕಾಣ್ತಿದೆ ಅಲ್ವಾ? ಆದರೆ ಇದು ದ್ವೀಪವಾಗಿತ್ತು. ಅಲೆಗಳ ಹೊಡೆತ ತಾಳಲಾರದೆ 1859ರಲ್ಲಿ ಜನರನ್ನು ಇಲ್ಲಿಂದ ಎಬ್ಬಿಸಿದರು.

ಆಮೇಲೆ 1932ರಲ್ಲಿ ದೊಡ್ಡ ಒಡ್ಡು ಕಟ್ಟಿ ಇಲ್ಲಿನ ಕಡಲ ಕೊಲ್ಲಿಯ ಬಾಯಿ ಮುಚ್ಚಿದರು. ಒಳಗೆ ಇನ್ನೊಂದು ಒಡ್ಡು ಹಾಕಿ, ಪಂಪಿನಿಂದ ನೀರೆತ್ತಿ, 1942ರಲ್ಲಿ ನೆಲ ಹೊರತೆಗೆದರು. ಅದೇ ನೋರ್ಡೋಸ್ಟ್‌ಪೋಲ್ಡರ್. ಪೋಲ್ಡರ್ ಅಂದರೆ ಹೀಗೆ ಒಡ್ಡು ಹಾಕಿ, ನೀರೆತ್ತಿ ಪಡೆದ ನೆಲ.

ಬರೀ ಕೆಸರು ನೆಲ. ಕಾಲುದಾರಿಯೂ ಇಲ್ಲ. ನಮ್ಮ ಕಡೆ ಕೆರೆ, ಬಾವಿ, ಸಂತೆಗೆ ಹೋಗುವ ದಾರಿ ನೋಡಿಕೊಂಡು ಊರು ಬೆಳೆದವು. ಇಲ್ಲಿ ಊರು ಎಲ್ಲಿರಬೇಕು ಅನ್ನೋದನ್ನು ಕಾಗದದ ಮೇಲೆ ಗುರುತು ಮಾಡಬೇಕಿತ್ತು.

ಈ ನಕ್ಷೆ ನೋಡಿ. ನಡುವೆ ಎಮೆಲೋರ್ಡ್ ಪಟ್ಟಣ. ಸುತ್ತ ಬಳೆಯಂತೆ ಹತ್ತು ಹಳ್ಳಿ. ಹೊಲದ ತುಂಡುಗಳೂ ಅಳತೆ ಮಾಡಿದ್ದೇ: ಹೆಚ್ಚಿನವು 300 ಮೀಟರ್ ಅಗಲ, 800 ಮೀಟರ್ ಉದ್ದ. ಅಂದರೆ ಸುಮಾರು 60 ಎಕರೆ. ಭೂಮಿ ಸರ್ಕಾರದ್ದು. ಗುತ್ತಿಗೆ ಕೇಳಿದ ರೈತರ ಮನೆಗೇ ಅಧಿಕಾರಿಗಳು ಬಂದು, ಮನೆವಾರ್ತೆ ಹೇಗಿದೆ ಅಂತ ನೋಡಿ ಆರಿಸುತ್ತಿದ್ದರು. ಇದು ನನಗೆ ಸರಿ ಕಾಣೋದಿಲ್ಲ. ಬದುಕಲು ಬರುವವರನ್ನು ಹಾಗೆ ಜರಡಿ ಹಿಡಿಯಬಾರದಿತ್ತು.

ಆದರೆ ಹಳ್ಳಿಗಳ ನಡುವಿನ ಅಂತರ ನೋಡಿದರೆ ಮನಸ್ಸು ತುಂಬಿ ಬರುತ್ತೆ. ದೂರದ ಹೊಲದ ಮನೆಯ ಮಗುವೂ ಸೈಕಲ್ ತುಳಿದು ಶಾಲೆ ಮುಟ್ಟಬೇಕು. ಅಂಗಡಿ, ಚರ್ಚು ಕೂಡ ಹಾಗೇ. ಆ ಲೆಕ್ಕದಲ್ಲೇ ಊರು ಇಟ್ಟರು.

ಮುಂದೆ ಕಾರು, ಟ್ರ್ಯಾಕ್ಟರ್ ಜಾಸ್ತಿಯಾದವು. 1957ರಲ್ಲಿ ಪಕ್ಕದ ಪೋಲ್ಡರ್ ಒಣಗಿದಾಗ, ಹಾಕಿಕೊಂಡಿದ್ದ ಹಳ್ಳಿಗಳ ಪಟ್ಟಿ ಚಿಕ್ಕದಾಯಿತು. ಲೆಲಿಸ್ಟಾಡ್ ನಗರ ಬಿಟ್ಟರೆ ಅಲ್ಲಿ ಡ್ರೊಂಟೆನ್, ಬಿಡಿಂಗ್‌ಹೌಜೆನ್, ಸ್ವಿಫ್ಟರ್‌ಬಾಂಟ್ ಮಾತ್ರ ಎದ್ದು ನಿಂತವು.

ನಾನೀಗ ಟೈಮರ್ ಒತ್ತಿ, ಸೈಕಲ್ ಹತ್ತಿ, ಆ ಹತ್ತರಲ್ಲಿ ಒಂದಾದ ನಾಗೆಲೆ ಹಳ್ಳಿಗೆ ಹೊರಟೆ. ಗುಡ್ಡ ಇಲ್ಲ, ಆದರೆ ಎದುರುಗಾಳಿ ತೊಡೆ ನೋಯಿಸುತ್ತೆ. ಎರಡೂ ಕಡೆ ಈರುಳ್ಳಿ, ಆಲೂಗಡ್ಡೆ.

ಬಂತು ನಾಗೆಲೆ. 1950ರ ದಶಕದ ಊರು. ಗೆರಿಟ್ ರೀಟ್‌ವೆಲ್ಡ್, ಆಲ್ಡೊ ವಾನ್ ಐಕ್ ಥರದ ವಾಸ್ತುಶಿಲ್ಪಿಗಳು ಸೇರಿ ರೂಪಿಸಿದ್ದು. ಮನೆಗಳೆಲ್ಲ ಮಟ್ಟಸ ತಾರಸಿಯವು. ನಡುವೆ ದೊಡ್ಡ ಹುಲ್ಲಿನ ಬಯಲು, ಸುತ್ತ ಮರಗಳ ಬೇಲಿ. ಈ ಗಾಳಿಯಲ್ಲಿ ಇಷ್ಟು ಹೊತ್ತು ಬಂದವನಿಗೆ ಆ ಮರಗಳು ಯಾಕೆ ಅಂತ ಹೇಳಿಕೊಡಬೇಕಾಗಿಲ್ಲ.

ಟೈಮರ್ 26 ನಿಮಿಷ ತೋರಿಸ್ತಿದೆ. ಬಯಲಿನಲ್ಲಿ ಒಬ್ಬ ಹುಡುಗ ಸೈಕಲ್ ಮಲಗಿಸಿ ಚೆಂಡು ಆಡ್ತಿದ್ದಾನೆ.